ನಾಲ್ಕು ಬೆರಳು

ಮೂರು ವಾರವಾಯಿತು, ಟೀವಿಗೆ ಒರಗಿ ನಿಂತಿವೆ
ಒಂದು ಇಟ್ಟಿಗೆ, ಒಂದು ಕಲ್ಲು.
ಹೆಣ್ಣು ನೋಡಲು ಬಂದವಳ ಹಾಗೆ ಡಿಲಿಸ್
ಸೋಫಾದಿಂದಲೇ ಕಣ್ಣು ಕಿರಿದು ಮಾಡುತ್ತಾಳೆ.

ಕಲ್ಲು ಚೆಂದವೇ. ಆದರೆ ದಪ್ಪ ಒಂದೇ ಇಂಚು,
ಬೆನ್ನಿಗೆ ಗೋಂದು.
ನಲವತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಸೀಳಿದ ಎಮ್ರಿಸ್
ಬಿಸ್ಕತ್ತಿನಂತೆ ಎರಡು ಬೆರಳಲ್ಲೆತ್ತಿ, ತಿರುಗಿಸಿ,
ಮಾತಾಡದೆ ಇಟ್ಟುಬಿಟ್ಟ.

ಇಟ್ಟಿಗೆ, ರೆಕ್ಸಮ್ಮಿನಲ್ಲಿ ಕೆಡವಿದ ಶಾಲೆಯದು.
ಹಸಿಯಿದ್ದಾಗ ನಾಯಿ ತುಳಿದಿದೆ:
ನಾಲ್ಕು ಬೆರಳು, ಒಂದು ಅಂಗಾಲು.
ಯಾರೋ ಗದರಿರಬೇಕು; ಅದು ಬಾಲ ಮಡಚಿ ಓಡಿರಬೇಕು.
ಆಮೇಲೆ ಬೆಂಕಿ.

"ಹೆಜ್ಜೆ ಗಾರೆಯೊಳಗೆ ಹೋಗುತ್ತೆ, ಹೊರಗೆ ಕಾಣೋದು ಅಂಚು ಮಾತ್ರ,"
ಅಂದ ಮೇಸ್ತ್ರಿ.
"ಹಾಗಾದರೆ ಬೇಡ."

ಗೋಡೆ ಈಗಲೂ ಬರೀ ಬಿಳಿ.
ಇಟ್ಟಿಗೆಯನ್ನು ಹಿತ್ತಿಲ ಬಾಗಿಲಿಗೆ ಒತ್ತಿಟ್ಟಿದ್ದಾರೆ,
ಬೆರಳು ಒಳಮುಖವಾಗಿ.
ಎಮ್ರಿಸ್ ದಿನವೂ ಅದನ್ನು ದಾಟುತ್ತಾನೆ, ತುಳಿಯದೆ.