ಹಗ್ಗದ ಇನ್ನೊಂದು ತುದಿ

ತಿಂಗಳಿಗೊಮ್ಮೆ, ಬುಧವಾರ ಸಂಜೆ,
ಸೇತುವೆ ದಾಟಿ ಮುಹರ್ರಕ್ಕೆ ಹೋಗುತ್ತೇನೆ.
ಹಳೇ ಪೇಟೆಯ ಹಿಂದೆ ಹವಳಗಲ್ಲಿನ ಗೋಡೆಯ ಮನೆ,
ಅಂಗಳದಲ್ಲಿ ನಮ್ಮ ಕಡೆಯದೇ ಅನ್ನಿಸುವ ಒಂದು ಬಾರೆ ಗಿಡ,
ಎರಡು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ.
ಬಂದವರ ಮಾತು ಕೇಳುವ ಕೋಚು ನಾನು,
ನಾನು ಹೇಗೆ ಕೇಳಿದೆ ಎಂದು ಕೇಳುವವಳು ಬದ್ರಿಯಾ.
ರಸೀದಿಯಲ್ಲಿ ಸೂಪರ್‌ವಿಷನ್ ಎಂದಿರುತ್ತದೆ.
ಗಡಿಯಾರ ಬಿಚ್ಚಿ ಮೊಣಕಾಲ ಮೇಲಿಡುತ್ತಾಳೆ.
ಅಲ್ಲಿಗೆ ಶುರು.

ಮೊದಲ ವರ್ಷ ಒಯ್ದದ್ದೆಲ್ಲ ಒಗೆದು ಇಸ್ತ್ರಿ ಮಾಡಿದ್ದೇ:
ಬಡ್ತಿ ಸಿಕ್ಕವರು, ಸಿಗರೇಟು ಬಿಟ್ಟವರು,
ಎಲ್ಲ ನಿಮ್ಮಿಂದಲೇ ಮೇಡಂ ಎಂದು ಮೆಸೇಜು ಹಾಕಿದವರು.
ಅವಳು ಚಹಾ ಬಗ್ಗಿಸುತ್ತಿದ್ದಳು.
ಮೂವತ್ತು ದಿನಾರು ಕೊಟ್ಟು
ಬೆನ್ನು ತಟ್ಟಿಸಿಕೊಂಡು ಬರುತ್ತಿದ್ದೆ.
ತಟ್ಟಿದ ಕೈಯೂ ನನ್ನದೇ ಎಂದು
ಬಹಳ ತಡವಾಗಿ ತಿಳಿಯಿತು.

ಒಮ್ಮೆ ಅಂದಳು,
ನೀಲಾ, ನೀನು ತರುವ ಮೀನಿಗೆ ವಾಸನೆಯೇ ಇಲ್ಲ.

ಹಾಗಾಗಿ ಈ ಸಲ ನೋಟ್‌ಬುಕ್ಕಿನ ಕೊನೇ ಹಾಳೆ ಒಯ್ದೆ,
ಅರ್ಧ ಬರೆದು ಅಡ್ಡಗೆರೆ ಎಳೆದದ್ದು.
ಹೆಸರು ಹೇಳುವಂತಿಲ್ಲ, ಅವನನ್ನು ಕ್ರೇನು ಎಂದೆ.
ಹಿದ್ದ್ ಹಡಗುಕಟ್ಟೆಯಲ್ಲಿ ಮ್ಯಾನೇಜರು.
ಇಪ್ಪತ್ತೆರಡು ಜನರನ್ನು ತಿಂಗಳೊಳಗೆ ಊರಿಗೆ ಕಳಿಸಬೇಕು.
ಮೂರನೇ ಭೇಟಿಯಲ್ಲಿ ಮಾತು ನಿಲ್ಲಿಸಿ
ಅಂಗೈ ನೋಡುತ್ತ ಕೂತ.
'ಆಮೇಲೆ?'
ಆಮೇಲೆ ಪತ್ರ ಹೇಗೆ ಬರೆಯಬೇಕೆಂದು ಹೇಳಿಕೊಟ್ಟೆ.
ಮೊದಲ ಸಾಲು, ಎರಡನೇ ಸಾಲು,
ವಿಷಾದ ಎಂಬ ಪದ ಎಲ್ಲಿ ಬರಬೇಕು.
ಪಾಪ, ಬರೆದುಕೊಂಡ.
'ಅವನು ಕೇಳಿದ್ದನೇ?'
ಇಲ್ಲ.
'ಎಷ್ಟು ಹೊತ್ತು ಸುಮ್ಮನಿದ್ದ?'
ಮೂರು ಸೆಕೆಂಡು. ನಾಲ್ಕಿರಬಹುದು.
'ಆ ಮೂರರಲ್ಲಿ ನೀನೆಲ್ಲಿದ್ದೆ?'

ಗಿಡದಿಂದ ಒಂದು ಕಾಯಿ ಬಿತ್ತು.
ಪಕ್ಕದ ಮನೆಯ ಏಸಿ ಗುರುಗುಟ್ಟಿತು.
ಇಂಗ್ಲಿಷಿನಲ್ಲಿ ಏನೇನೋ ಹೇಳಿದೆ, ಎಂಪಥಿ, ಬೌಂಡರಿ,
ಸರ್ಟಿಫಿಕೇಟಿನ ಜೊತೆ ಬಂದ ಮಾತುಗಳು.
ಬದ್ರಿಯಾ ಕೈಯೆತ್ತಿದಳು:
'ನಿನ್ನ ಭಾಷೆಯಲ್ಲಿ ಹೇಳು. ನನಗೆ ತಿಳಿಯಬೇಕಿಲ್ಲ.'

ಹದಿನಾಲ್ಕು ವರ್ಷದ ಹಿಂದಿನ ಸಲ್ಮಾಬಾದು.
ಲೇಬರ್ ಕ್ಯಾಂಪಿನ ಊಟದ ಹಾಲು, ಬೇಳೆಯ ಒಗ್ಗರಣೆ ಘಮ.
ಎಚ್ಆರ್ ಗುಮಾಸ್ತೆ ನಾನು, ಕೈಯಲ್ಲಿ ನಲವತ್ತೊಂದು ಲಕೋಟೆ.
ಒಬ್ಬೊಬ್ಬರ ಹೆಸರು ಓದಿದೆ. ಯಾರೂ ಅಳಲಿಲ್ಲ.
ಒಬ್ಬ ಮಾತ್ರ ಲಕೋಟೆ ಒಡೆಯದೆ
ಅಂಗೈ ನೋಡುತ್ತ ಕೂತ.
ನಾನು ಮುಂದಿನ ಹೆಸರು ಓದಿದೆ.

'ಅವ ಅಳೂದು ನನಗ ಬ್ಯಾಡಾಗಿತ್ತು.'

ಗದಗಿನ ಮಾತು, ಬಹ್ರೇನಿನ ಅಂಗಳದಲ್ಲಿ.
ದನಿ ನನ್ನದಲ್ಲ, ಅವ್ವನದಿದ್ದಂತಿತ್ತು.

ಬದ್ರಿಯಾ ಅರ್ಥ ಕೇಳಲಿಲ್ಲ.
ತನ್ನ ಮುತ್ತಜ್ಜನ ಮಾತು ತೆಗೆದಳು.
ಮುತ್ತು ಹೆಕ್ಕಿದವನಲ್ಲ,
ದೋಣಿಯ ಮೇಲೆ ನಿಂತು ಹಗ್ಗ ಹಿಡಿದವನು.
ತಳದಲ್ಲೇನಿದೆ ಅವನಿಗೆ ಕಾಣದು, ಅಂಗೈಯೇ ಕಣ್ಣು.
ಕೆಳಗಿನವನು ಜಗ್ಗಿದರೆ ಎಳೆಯಬೇಕು, ಅಷ್ಟೇ ಕೆಲಸ.
ಬುಟ್ಟಿ ತುಂಬಲಿ ಎಂದು ಜಗ್ಗದೇ ಇದ್ದುಬಿಟ್ಟವರೂ ಉಂಟಂತೆ.
ಅವರ ಬಗ್ಗೆ ಮುದುಕ ಮನೆಯಲ್ಲಿ ಮಾತಾಡುತ್ತಿರಲಿಲ್ಲ.

ಗಡಿಯಾರ ಕಟ್ಟಿಕೊಂಡಳು.
ಇನ್ನೂ ಹತ್ತು ನಿಮಿಷವಿತ್ತು. ನಾನೂ ಕೇಳಲಿಲ್ಲ.
ಚಹಾ ಆರಿತ್ತು, ಕುಡಿದೆ.

ಭಾನುವಾರ ಕ್ರೇನು ಬಂದ.
ಪತ್ರ ಚೆನ್ನಾಗಿದೆ ಎಂದ, ಇನ್ನೂ ಕಳಿಸಿಲ್ಲ ಎಂದ,
ಸುಮ್ಮನಾದ.
ನಾಲ್ಕು. ಏಳು.
ಚಪ್ಪಲಿಯೊಳಗೆ ನನ್ನ ಕಾಲ್ಬೆರಳು ಮುದುಡಿದವು.
ಹನ್ನೊಂದಕ್ಕೆ ಎಣಿಕೆ ತಪ್ಪಿತು.
ಹೊರಗೆ ಲಿಫ್ಟು ಬಂದು, ಯಾರೂ ಇಳಿಯದೆ, ಹೋಯಿತು.
ಅವನು ತಲೆಯೆತ್ತದೆ ಒಂದು ಹೆಸರು ಹೇಳಿದ,
ವೆಲ್ಡರಂತೆ, ಎರಡು ಹೆಣ್ಣುಮಕ್ಕಳಂತೆ.
ಆಮೇಲೆ ಇನ್ನೊಂದು ಹೆಸರು.
ಬರೆದುಕೊಳ್ಳಲು ಪೆನ್ನು ತೆಗೆದೆ,
ತಿರುಗಿ ಇಟ್ಟೆ.