ಮೂರು ಗ್ರಾಂ ಗೂನು

ಕೋಡಿಬಾಗದ ಅಂಚೆ ಕಚೇರಿಗೆ
ನನ್ನ ಹೆಸರಿಗೆ ಬಂದ ಪೊಟ್ಟಣಗಳನ್ನು
ನಾನೇ ಸಹಿ ಹಾಕಿ ನನಗೇ ಬಟವಾಡೆ ಮಾಡಿಕೊಳ್ಳುತ್ತೇನೆ.
ಕೌಂಟರು ಮುಚ್ಚಿ, ಬೀಗಕ್ಕೆ ಕೈ ಹಾಕುವ ಮುಂಚೆ
ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು ಬಿಚ್ಚಿ
ಸರಕಾರದ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ.
ಘೇಂಡಾಮೃಗ, ಎಪ್ಪತ್ತೆರಡು ಗ್ರಾಂ.
ತಾಯಿಕರಡಿ, ಬೆನ್ನಿಗಂಟಿದ ಎರಡು ಮರಿ ಸೇರಿ, ಐವತ್ತೆಂಟು.
ಇದೇ ದುಡ್ಡಿಗೆ ಒಂದು ನಿಜವಾದ ಆಡು ಬರುತ್ತಿತ್ತು ಬಾಯೀ, ಎಂದು
ಪೋಸ್ಟ್‌ಮನ್ ಉಲ್ಲಾಸ ಗುನಗಿ ನಗುತ್ತಾನೆ.

ಮನೆಯಲ್ಲಿ ಇವುಗಳಿಗೆ
ಹರಾಜಿನಲ್ಲಿ ಕೊಂಡ ಹಳೆಯ ಟಪಾಲು ಗೂಡು.
ಖಾನೆ ಖಾನೆಗೂ ಊರ ಹೆಸರಿನ ಚೀಟಿ; ಕೀಳಲು ಮನಸ್ಸಾಗಲಿಲ್ಲ.
ಹಾಗಾಗಿ ಮಾಜಾಳಿಯಲ್ಲಿ ಟೇಪಿರ್,
ಸದಾಶಿವಗಡದಲ್ಲಿ ಹಿಮಚಿರತೆ,
ತೋಡೂರಿನಲ್ಲಿ ಜಿರಾಫೆ. ಎತ್ತರ ಸಾಲದೆ ಅಡ್ಡವಾಗಿದೆ,
ಮದುವೆಯೂಟ ಮುಗಿಸಿದ ಮಾವನವರ ಹಾಗೆ.
ನೌಕಾನೆಲೆಗೆ ಜಾಗ ಬಿಟ್ಟು ಜನ ಚದುರಿದ ಮೇಲೆ
ಅರಗಾ ಖಾನೆ ಬರಿದಾದದ್ದು ನನ್ನ ಕೈಯಲ್ಲೇ.
ಅಲ್ಲಿ ಬಹಳ ದಿನ ಏನೂ ಇಡಲಿಲ್ಲ.
ಈಗ ಟಾಸ್ಮೇನಿಯದ ಪಟ್ಟೆತೋಳವಿದೆ,
ಮೂವತ್ತಾರನೇ ಇಸವಿಯಲ್ಲಿ ಕೊನೆಯದು ಸತ್ತದ್ದು, ಬೋನಿನಲ್ಲಿ.

ಮಕ್ಕಳಿಲ್ಲವಲ್ಲ, ಅದಕ್ಕೇ, ಎನ್ನುವವರ ಕೈಗೆ
ಆನೆ ಕೊಟ್ಟು ಸೊಂಡಿಲ ತುದಿ ನೋಡಿ ಎನ್ನುತ್ತೇನೆ.
ಒಂದು ಬೆರಳಿದ್ದರೆ ನಮ್ಮದು. ಎರಡಿದ್ದರೆ ಆಫ್ರಿಕದ್ದು.
ಕಡಲಾಮೆಯ ಬೆನ್ನ ಬದಿಯ ಹೆಂಚುಗಳನ್ನು ಎಣಿಸಿ:
ನಾಲ್ಕೇ ಇದ್ದರೆ
ಅದು ದೇವಬಾಗದ ಮರಳಿಗೆ ಮೊಟ್ಟೆಯಿಡಲು ಬರುವ ಆಮೆಯಲ್ಲ,
ಅದಕ್ಕೆ ಆರು, ಏಳು, ಕೆಲವೊಮ್ಮೆ ಎಡಕ್ಕೊಂದು ಲೆಕ್ಕ, ಬಲಕ್ಕೊಂದು.
ಅವರು ಎಣಿಸುತ್ತಾರೆ. ಎಣಿಸುವಾಗ ಮಾತಾಡುವುದಿಲ್ಲ.

ಆರ್.ಡಿ. ಕಟ್ಟಲು ಕಡೆಯವನಾಗಿ ಬರುವ ಪುರ್ಸು ತಾಂಡೇಲ
ಒಂದು ದಿನ ತಕ್ಕಡಿಯ ಮೇಲಿದ್ದುದನ್ನು ಕಂಡ.
ಇದೆಂತದು ಬಾಯೀ?
ಡಾಲ್ಫಿನ್ನು, ನಿಮ್ಮ ಹಂದಿಮೀನು. ನಲವತ್ತೊಂದು ಗ್ರಾಂ.
ಬಂಗುಡೆಯ ಕಿವಿರು ನೋಡುವವರಂತೆ ತಿರುಗಿಸಿ ನೋಡಿ
ಕೆಳಗಿಟ್ಟ. ನಮ್ದಲ್ಲ ಇದು.
ನಮ್ದಕ್ಕೆ ಗೂನು ಉಂಟು, ಗೂನಿನ ಮೇಲೆ ರೆಕ್ಕೆ.
ಇದು ದೂರದ ನೀರಿಂದು. ಇಲ್ಲಾಂದ್ರೆ ಇನ್ನೂ ಮರಿ.

ರಾತ್ರಿ ಪುಸ್ತಕ ತೆಗೆದೆ. ಅವನು ಹೇಳಿದ್ದೇ ಸರಿ.
ಗೂನುಬೆನ್ನಿನದು ಬೇರೆಯೇ ಜಾತಿ,
ಹೊಳೆ ಕಡಲಿಗೆ ಬೀಳುವ ಕದಡು ನೀರಿನದು,
ದಡದ ಸದ್ದು ಕೇಳುವಷ್ಟು ಹತ್ತಿರದ್ದು.
ಇಪ್ಪತ್ತೊಂಬತ್ತು ವರ್ಷ
ಕಾಳಿಯ ಅಳಿವೆಗೆ ಬೆನ್ನು ಹಾಕಿ ಮುದ್ರೆ ಒತ್ತಿದ್ದೇನೆ.
ಹುಡುಕಿದೆ. ಯಾವ ಕಂಪನಿಯೂ ಅದನ್ನು ಮಾಡಿರಲಿಲ್ಲ.
ನಲ್ಲಿ ಸೋರಿದರೆ ಮೆತ್ತುವ ಎಂ-ಸೀಲ್ ತಂದು
ಕಪ್ಪು ಬಿಳಿ ಎರಡನ್ನೂ ಬೆರಳಲ್ಲಿ ನಾದಿ
ರೆಕ್ಕೆ ಕಿತ್ತು, ಗೂನು ಕಟ್ಟಿ, ಮತ್ತೆ ರೆಕ್ಕೆ ನೆಟ್ಟೆ.
ಸೀಸದಕಡ್ಡಿ ಉಜ್ಜಿದೆ. ಹೆಬ್ಬೆಟ್ಟಿನ ಗುರುತು ಹೋಗಲೇ ಇಲ್ಲ.
ನಲವತ್ತನಾಲ್ಕು ಗ್ರಾಂ.

ಮುಂದಿನ ತಿಂಗಳ ಕಂತಿಗೆ ಬಂದ ಪುರ್ಸು
ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದ.
ಹಾಂ. ಈಗ ನಮ್ದು.
ಆಮೇಲೆ, ರೆಕ್ಕೆಯ ಹಿಂದೆ ಇಲ್ಲಿ ಇಷ್ಟು ಕೊಯ್ಯಿ, ಎಂದು
ಉಗುರಿನ ತುದಿ ತೋರಿಸಿದ.
ಯಾಕೆ?
ಅದಕ್ಕೆ ಹಾಗೇ ಉಂಟಲ್ಲ. ಯಾರದೋ ಬಲೆಯ ಹಗ್ಗ.
ಕೂರ್ಮಗಡದ ಬುಡದಲ್ಲಿ,
ನನ್ನ ಹಿರಿಮಗಳ ಮದುವೆಯ ವರ್ಷದಿಂದ ನೋಡ್ತಾ ಇದ್ದೆ.

ನನ್ನ ಚೀಟಿಯಲ್ಲಿ ಎರಡೆರಡು ಹೆಸರು ಬರೆದಾಗಿತ್ತು,
ಕುಲದ್ದೊಂದು, ಜಾತಿಯದೊಂದು, ದುಂಡಗಿನ ಅಕ್ಷರದಲ್ಲಿ.
ಅವನು ಅದು ಎಂದಷ್ಟೇ ಅನ್ನುತ್ತಿದ್ದ.
ಪೊಟ್ಟಣ ಸೀಳುವ ಬ್ಲೇಡಿನಲ್ಲಿ ಕೊಯ್ದೆ.
ಇನ್ನೂ ಸ್ವಲ್ಪ, ಎಂದ. ಸಾಕು, ಎಂದ.
ಮತ್ತೆ ತೂಗಿದೆ, ನಲವತ್ತನಾಲ್ಕೇ.
ಅಷ್ಟು ಗಾಯ ಯಂತ್ರದ ಗಮನಕ್ಕೆ ಬರಲಿಲ್ಲ.

ಕೂರ್ಮಗಡಕ್ಕೆ ನನ್ನ ಗೂಡಿನಲ್ಲಿ ಖಾನೆಯಿಲ್ಲ,
ಆ ಗುಡ್ಡಕ್ಕೆ ಟಪಾಲು ಹೋಗುತ್ತಿರಲಿಲ್ಲ.
ಸದ್ಯಕ್ಕೆ ಅದು ಗೂಡಿನ ನೆತ್ತಿಯ ಮೇಲಿದೆ,
ಚೀಟಿಯಿಲ್ಲದೆ, ಮೂತಿ ಕಿಟಕಿಯ ಕಡೆಗೆ.