ಖಾಲಿ ಬುಟ್ಟಿಯ ತೂಕ

ಬೈತಖೋಲ ಧಕ್ಕೆಯಲ್ಲಿ
ನನ್ನದು ತೂಕದ ಕೆಲಸ.
ಬೆಳಗಿನ ಐದಕ್ಕೆ, ಮೊದಲ ಬೋಟು ತಾಗುವ ಮುಂಚೆ
ಕಾಂಟಾದ ಮೇಲೆ ಖಾಲಿ ಬುಟ್ಟಿ ಇಟ್ಟು
ಕೆಂಪು ಅಂಕಿಗಳನ್ನು ಸೊನ್ನೆಗೆ ತರುವುದು.
ಮೀನಿನ ಲೆಕ್ಕ ಆಮೇಲೆ.

ಆ ದಿನ ಸೊನ್ನೆ ನಿಲ್ಲಲಿಲ್ಲ.
ಐದು ಗ್ರಾಂ. ನಲವತ್ತು. ಹದಿನೈದು. ಮತ್ತೆ ನಲವತ್ತು.
ಗಾಳಿ ಇರಲಿಲ್ಲ. ಬುಟ್ಟಿಯಲ್ಲಿ
ಒಂದು ಹುರುಪೆಯೂ ಇರಲಿಲ್ಲ.
ಕಟ್ಟಿದ ಬೋಟುಗಳ ಹಗ್ಗ ಕಿರ್ರೆಂದವು,
ಮಂಜುಗಡ್ಡೆಯ ರಾಶಿ ತಾನಾಗಿ ಜಾರಿತು,
ನಾಯಿ ಎದ್ದು, ಬೊಗಳದೆ,
ಸಮುದ್ರಕ್ಕೆ ಬೆನ್ನು ಹಾಕಿ ಕೂತಿತು.
ಅಷ್ಟೆ. ಒಂದು ಕೆಮ್ಮಿನಷ್ಟು ಹೊತ್ತು.

ಹತ್ತು ಗಂಟೆಯೊಳಗೆ ಕಾರಣಗಳು ಹರಾಜಿಗೆ ಬಂದವು,
ಬಂಗಡೆಗಿಂತ ಅಗ್ಗ.
ನೇವಿಯವರು ಬಂಡೆ ಸಿಡಿಸಿದ್ದಂತೆ.
ಕದ್ರಾದಲ್ಲಿ ಕಾಳಿಯನ್ನು ಕಟ್ಟಿಹಾಕಿ
ನೆಲದ ಬೆನ್ನಿಗೆ ಭಾರ ಹೇರಿದ್ದಂತೆ.
ಹೈವೇಗೆಂದು ಗುಡ್ಡದ ಕಾಲು ಕಡಿದದ್ದಂತೆ.
ಯಾರೋ ಜಟಗನಿಗೆ ಹೇಳಿಕೊಂಡ ಕೋಳಿ ಕೊಡದೇ ಇದ್ದದ್ದಂತೆ.

ಮನೆಯಲ್ಲಿ ತಂಗಿಯ ಮಗಳು ಪ್ರಾಜಕ್ತಾ
ಭಾಕರಿ ಮುರಿದು ತಟ್ಟೆಯಲ್ಲಿ ಜೋಡಿಸಿದಳು:
ನೆಲವೆಂದರೆ ಹೀಗೆ, ಚೂರು ಚೂರು.
ನಮ್ಮ ಚೂರು ವರ್ಷಕ್ಕೆ ಮೂರು ಬೆರಳು
ಉತ್ತರಕ್ಕೆ ನೂಕುತ್ತದೆ, ಅಲ್ಲಿಯದು ದಾರಿ ಬಿಡುವುದಿಲ್ಲ.
ಒಳಗೊಳಗೇ ಹುರಿ ಬಿಗಿಯುತ್ತ ಬಿಗಿಯುತ್ತ
ತಾಳುವಷ್ಟು ತಾಳಿ, ಎಲ್ಲಿ ಹಳೆಯ ಬಿರುಕೋ
ಅಲ್ಲಿ ಹರಿಯುತ್ತದೆ.
"ದೊಡ್ಡಮ್ಮಾ, ಈ ದಂಡೆಗೆ ಒಂದು ಕಾಲದಲ್ಲಿ
ಸಮುದ್ರವೇ ಇರಲಿಲ್ಲ.
ಮಡಗಾಸ್ಕರ ಇಲ್ಲೇ ಅಂಟಿಕೊಂಡಿತ್ತು."
ಕಿಟಕಿಯಿಂದ ನೋಡಿದೆ.
ನಮ್ಮ ಉಪ್ಪು, ನಮ್ಮ ಊಟ, ಅಪ್ಪ ಮುಳುಗಿದ ಜಾಗ,
ಎಲ್ಲ ಒಂದು ಸೀಳಿನಲ್ಲಿ ತುಂಬಿದ ನೀರು.

ಸಂಜೆ ಇನಾಸ ಬಂದ.
ಎಪ್ಪತ್ತು ದಾಟಿದ ಮೇಸ್ತ್ರಿ,
ಸುಂಕೇರಿಯ ಅರ್ಧ ಗೋಡೆಗಳು ಅವನ ಕೈಯವು.
ಚಹಾ ಬೇಡವೆಂದ. ಬಾಗಿಲ ಪಕ್ಕದಿಂದ ಶುರುಮಾಡಿ
ಬೆರಳ ಗೆಣ್ಣಿನಿಂದ ಗೋಡೆ ಬಡಿಯುತ್ತ ಹೋದ,
ಕಿವಿ ಹತ್ತಿರ ಇಟ್ಟು, ತೆಂಗಿನಕಾಯಿ ನೋಡುವ ಹಾಗೆ.

ಕಛ್‌ಗೆ ಹೋಗಿದ್ದವನು ಅವನು, ಅಲ್ಲಿ ನೆಲ ನಡುಗಿದ ವರ್ಷ,
ಇಗರ್ಜಿಯವರ ಲಾರಿಯಲ್ಲಿ, ಹೊಸ ಮನೆ ಕಟ್ಟಲು.
ಕಟ್ಟುವ ಮೊದಲು ಎತ್ತುವುದಿತ್ತು.
ಎಷ್ಟು ಜನ ಎಂದರೆ ಹೇಳುವುದಿಲ್ಲ,
ಅಂಕಿ ಪೇಪರಿನವರದು ಎನ್ನುತ್ತಾನೆ.
ಅವನು ಹೇಳುವುದು ಒಂದು ಪರಾತದ ಸುದ್ದಿ ಮಾತ್ರ:
ತೊಲೆಯ ಕೆಳಗೆ ಹಿತ್ತಾಳೆಯ ಪರಾತ,
ಅದರಲ್ಲಿ ಕಲ್ಲಾದ ಹಿಟ್ಟು,
ಹಿಟ್ಟಿನಲ್ಲಿ ನಾಲ್ಕು ಬೆರಳ ಗುರುತು.
ಹೆಬ್ಬೆರಳಿನದು ಇರಲಿಲ್ಲ.
ಕೈ ಎತ್ತುತ್ತಿದ್ದಳು,
ಅಷ್ಟರಲ್ಲಿ.
ಯಾರಿಗೆ ಕೊಡಲಿ ಎಂದು ಮೂರು ದಿನ
ಅದನ್ನು ಕಂಕುಳಲ್ಲಿ ಹಿಡಿದು ತಿರುಗಿದನಂತೆ.
ಆ ಓಣಿಯಲ್ಲಿ ಕೇಳಲು ಯಾರಿದ್ದರು.

ಅಡುಗೆ ಕೋಣೆಯ ಮೂಲೆಯಲ್ಲಿ ಬೆರಳು ನಿಂತಿತು.
ಮತ್ತೆ ಬಡಿದ. ಅಲ್ಲಿ ಸದ್ದು ಬೇರೆ.
"ಸಾವಂತ್ರಿ, ಇಲ್ಲಿ ಎರಡು ಸರಳು ಕಡಿಮೆ ಹಾಕಿದೆ.
ನಿನ್ನಪ್ಪನ ಹತ್ತಿರ ದುಡ್ಡಿರಲಿಲ್ಲ,
ನನ್ನ ಹತ್ತಿರ ಬೇಡ ಎನ್ನುವ ಬಾಯಿ ಇರಲಿಲ್ಲ.
ಮರಳು ಕೋಡಿಬಾಗದ್ದು. ತೊಳೆಯಲಿಲ್ಲ.
ಉಪ್ಪು ಒಳಗೇ ಇದೆ."

ನಲವತ್ತು ವರ್ಷ ಆ ಮೂಲೆಗೆ ಒರಗಿ
ಮೀನು ಕೊಯ್ದಿದ್ದೇನೆ.
ತಲೆ ಎತ್ತಿದೆ: ಬಿರುಕಿಲ್ಲ, ಮಸಿ ಮಾತ್ರ.
ಏನು ಹೇಳಲಿ ಅವನಿಗೆ?
ಸಾರಿದೆ, ಉಂಡು ಹೋಗು ಎಂದೆ.
"ಇನ್ನೂ ಹನ್ನೊಂದು ಮನೆ ಉಂಟು"
ಎಂದು ಕತ್ತಲಲ್ಲಿ ಚಪ್ಪಲಿ ಹುಡುಕಿದ.

ಆಮೇಲೆ ಪಕ್ಕದ ಮನೆಯಿಂದ ಟಕ್, ಟಕ್.
ಆಮೇಲೆ ಅದರಾಚೆಯದರಿಂದ.
ಪ್ರಾಜಕ್ತಾಳ ಚಾಪೆಯನ್ನು ಬಾಗಿಲ ಹತ್ತಿರ ಎಳೆದೆ.
ಯಾಕೆಂದಳು. ಸೆಖೆ ಎಂದೆ.

ಬೆಳಿಗ್ಗೆ ಐದಕ್ಕೆ ಕಾಂಟಾ ಹಚ್ಚಿದೆ.
ಸೊನ್ನೆ ಬಂತು. ನಿಂತಿತು.
ಹುಡುಗರು ಮೀನಿನ ಬುಟ್ಟಿ ಹೊತ್ತು ಬೈಯುತ್ತಿದ್ದರು.
ತುಸು ತಡೆಯಿರಿ ಎಂದೆ,
ಇನ್ನೂ ತುಸು.